ಸಂಕಟದಲ್ಲಿ ಶಿವನಿಷ್ಠೆ

ಮಾನವನ ಬಾಳಿನಲ್ಲಿ ಕಷ್ಟವು ಯಾರನ್ನೂ ಬಿಟ್ಟಿಲ್ಲ. ಅದು ಬಂದೊದಗಿದಾಗ ದೇವರನ್ನು ನಂಬಬೇಕೆಂದು ಹಿರಿಯರು ಹೇಳುವುದನ್ನು ನಾವೆಲ್ಲರೂ ಕೇಳಿದ್ದೇವೆ. ಆದರೆ ನಂಬಿದ ಮಾತ್ರಕ್ಕೆ ಕಷ್ಟವು ತೊಲಗುವುದೇ? ತೊಲಗದಿದ್ದರೆ ನಂಬಿಕೆಯು ಸುಳ್ಳಾಯಿತೇ? ಸದ್ಭಕ್ತರೇ, ಈ ಪ್ರಶ್ನೆಗೆ ಉತ್ತರವನ್ನು ದೂರದಲ್ಲಿ ಅರಸಬೇಕಾಗಿಲ್ಲ. ಗಾನಯೋಗಿ ಪಂಚಾಕ್ಷರಿ ಗವಾಯಿಗಳವರ ಚರಿತ್ರೆಯಲ್ಲಿಯೇ ಅದು ದೊರೆಯುತ್ತದೆ.

1892ರಲ್ಲಿ ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಜನಿಸಿದ ಈ ಶಿಶುವಿಗೆ ಗದಿಗೆಯ್ಯನೆಂದು ಹೆಸರಿಟ್ಟರು. ಮಗುವಿಗೆ ಹುಟ್ಟಿನಿಂದಲೇ ಕಣ್ಣಿರಲಿಲ್ಲ. ಸೋದರ ಗುರುಬಸಯ್ಯನೂ ಅಂಧನೇ. ಅಂದಿನ ಹಳ್ಳಿಗಳಲ್ಲಿ ಇಂಥ ಮಕ್ಕಳಿಗೆ ಶಾಲೆಯಿರಲಿಲ್ಲ, ಕಸುಬಿರಲಿಲ್ಲ. ಜನರು ಮರುಗುತ್ತಿದ್ದರು; ಆದರೆ ಮರುಕದಿಂದ ಬಾಳು ನಡೆಯುವುದಿಲ್ಲ. ಈ ಬಾಲಕರಲ್ಲಿದ್ದ ಸ್ವರಸಂಪತ್ತನ್ನು ಹಾನಗಲ್ಲ ವಿರಕ್ತಮಠದ ಶ್ರೀ ಕುಮಾರ ಮಹಾಸ್ವಾಮಿಗಳವರು ಗುರುತಿಸಿದರು. 1909ರಲ್ಲಿ ಮಲಪ್ರಭೆಯ ದಡದಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಆ ಮಹಾನುಭಾವರು, ಈ ಮಕ್ಕಳಿಗೆ ಬರಿಯ ಅನ್ನವನ್ನಿಕ್ಕಿ ಸುಮ್ಮನಾಗದೆ ಸಂಗೀತ ವಿದ್ಯೆಯನ್ನು ಕೊಡಿಸಿದರು.

ಪಂಚಾಕ್ಷರಿ ಗವಾಯಿಗಳವರು ಮೈಸೂರಿನಲ್ಲಿ ಕರ್ನಾಟಕ ಪದ್ಧತಿಯನ್ನೂ, ಮಿರಜದ ನೀಲಕಂಠಬುವಾ ಅವರಲ್ಲಿ ಹಿಂದುಸ್ತಾನಿ ಪದ್ಧತಿಯನ್ನೂ ಅಭ್ಯಸಿಸಿ ಎರಡರಲ್ಲಿಯೂ ನಿಷ್ಣಾತರಾದರು. ಆ ವಿದ್ಯೆಯಿಂದ ಅವರು ಸುಖವಾಗಿ ಬದುಕಬಹುದಾಗಿತ್ತು. ಆದರೆ ಗುರುವಿನ ಆದೇಶವನ್ನು ಶಿರಸಾವಹಿಸಿ ಅಂಧರನ್ನೂ ಅನಾಥರನ್ನೂ ಕೂಡಿಸಿಕೊಂಡು ಸಂಗೀತಶಾಲೆಯನ್ನು ನಡೆಸಿದರು. ಅದಕ್ಕೆ ಬಹುಕಾಲ ಸ್ವಂತ ಕಟ್ಟಡವಿರಲಿಲ್ಲ. ಗುರುಶಿಷ್ಯರು ಊರಿಂದೂರಿಗೆ ಸಂಚರಿಸುತ್ತ, ಭಕ್ತರು ನೀಡಿದ ಭಿಕ್ಷೆಯಲ್ಲಿ ಉಂಡು ಸಾಧನೆ ಮಾಡಿದರು. 1930ರಲ್ಲಿ ಶ್ರೀ ಕುಮಾರ ಮಹಾಸ್ವಾಮಿಗಳವರು ಲಿಂಗೈಕ್ಯರಾದಾಗ ದೊಡ್ಡ ಆಸರೆಯೇ ಕಳಚಿತು. ಆದರೂ ಶಿಷ್ಯರನ್ನು ಅವರು ಕೈಬಿಡಲಿಲ್ಲ, ಪಾಠ ನಿಲ್ಲಲಿಲ್ಲ. ಮುಂದೆ ಗದಗಿನ ವೀರೇಶ್ವರ ಪುಣ್ಯಾಶ್ರಮವು ಆ ಶಾಲೆಗೆ ನೆಲೆಯಾಯಿತು.

1944ರಲ್ಲಿ ಗವಾಯಿಗಳವರು ಲಿಂಗೈಕ್ಯರಾದರು. ಆಶ್ರಮದ ಭಾರವನ್ನು ಹೊತ್ತವರು ಶಿಷ್ಯ ಪುಟ್ಟರಾಜ ಗವಾಯಿಗಳವರು. ಶೈಶವದಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡವರು. ಹಲವು ವಾದ್ಯಗಳಲ್ಲಿ ಪಾರಂಗತರಾದ ಅವರು ಕನ್ನಡ, ಸಂಸ್ಕೃತ, ಹಿಂದಿ ಭಾಷೆಗಳಲ್ಲಿ ಗ್ರಂಥರಚನೆ ಮಾಡಿದರು. 2010ರಲ್ಲಿ ಪದ್ಮಭೂಷಣ ಪ್ರಶಸ್ತಿಗೆ ಪಾತ್ರರಾಗಿ ಅದೇ ವರ್ಷ ಶಿವಸಾಯುಜ್ಯವನ್ನು ಪಡೆದರು. ಬಸವರಾಜ ರಾಜಗುರು ಅವರಂಥ ಗಾಯಕರೂ ಪಂಚಾಕ್ಷರಿ ಗವಾಯಿಗಳವರ ಗರಡಿಯಲ್ಲಿಯೇ ಪಳಗಿದವರು.

ಇದನ್ನು ಗಮನವಿಟ್ಟು ವಿಚಾರಿಸಿರಿ. ಗವಾಯಿಗಳವರು ಜೀವನಪರ್ಯಂತ ಇಷ್ಟಲಿಂಗವನ್ನು ಪೂಜಿಸಿದರು. ಆದರೆ ಕಣ್ಣು ಬರಲಿಲ್ಲ. ಪವಾಡವನ್ನೇ ಭಕ್ತಿಯ ಫಲವೆಂದು ತಿಳಿಯುವವರಿಗೆ ಈ ಪೂಜೆ ನಿಷ್ಫಲವೆಂದು ತೋರೀತು. ಶರಣಧರ್ಮದ ದೃಷ್ಟಿ ಬೇರೆಯದು. ತನಗೆ ಬಂದ ಕಷ್ಟವು ಉಳಿದಿದ್ದರೂ, ಅದೇ ಕಷ್ಟವುಳ್ಳ ಮತ್ತೊಬ್ಬನನ್ನು ಕೈಹಿಡಿದು ನಡೆಸುವ ಬಲವನ್ನು ಯಾವ ನಂಬಿಕೆ ಕೊಡುತ್ತದೆಯೋ ಅದೇ ನಿಜವಾದ ನಂಬಿಕೆ. ಅಂಥವನಿಗೆ ಕಾಯಕವು ಪ್ರಾರ್ಥನೆಯಾಗುತ್ತದೆ. ಕಲಿತ ವಿದ್ಯೆಯು ದಾಸೋಹವಾಗುತ್ತದೆ.

ಭಕ್ತರೇ, ನಿಮ್ಮ ಮನೆಯಲ್ಲಿ ಅಥವಾ ನೆರೆಯಲ್ಲಿ ಅಂಗವೈಕಲ್ಯವುಳ್ಳ ಮಗುವಿದ್ದರೆ ಅದನ್ನು ಕರ್ಮಫಲವೆಂದು ಒಳಕೋಣೆಯಲ್ಲಿ ಕೂಡಿಸಬೇಡಿರಿ. ಹರಕೆ ಹೊರುವುದರಲ್ಲಿಯೇ ಕಾಲವನ್ನು ಕಳೆಯಬೇಡಿರಿ. ಆ ಮಗುವಿನಲ್ಲಿ ಶಿವನು ಇಟ್ಟಿರುವ ಶಕ್ತಿ ಯಾವುದೆಂದು ಕಂಡುಕೊಳ್ಳಿರಿ. ಅದನ್ನು ಕಲಿಸಬಲ್ಲ ಗುರುವಿನ ಬಳಿಗೆ ಕರೆದೊಯ್ಯಿರಿ. ಅದಕ್ಕೆ ಬೇಕಾದ ತಾಳ್ಮೆಯನ್ನು ಪರಶಿವನು ನಿಮಗೆಲ್ಲರಿಗೂ ಕರುಣಿಸಲಿ.