ಊರು ಬಿಟ್ಟ ಕಾಲದಿಂದ ವಿಮಾನ ನಿಲ್ದಾಣದವರೆಗೆ

ದೊಡ್ಡಬಳ್ಳಾಪುರ, ದೇವನಹಳ್ಳಿಗಳ ಸೀಮೆಯಲ್ಲಿ ವೃದ್ಧರು ತಮ್ಮ ತಾತಮುತ್ತಾತಂದಿರ ಸಂಗತಿಯನ್ನು ಹೇಳುವಾಗ ‘ಊರು ಬಿಟ್ಟಾಗ’ ಎಂಬ ಮಾತೊಂದು ಸುಳಿದುಹೋಗುವುದುಂಟು. ಅದು ಪ್ಲೇಗಿನ ಕಾಲದ ಮಾತು. 1898ರ ಆಗಸ್ಟ್ ತಿಂಗಳಿನಲ್ಲಿ ಆ ಮಹಾಮಾರಿಯು ಹುಬ್ಬಳ್ಳಿಯ ಕಡೆಯಿಂದ ರೈಲುಮಾರ್ಗವಾಗಿ ಬೆಂಗಳೂರನ್ನು ಹೊಕ್ಕಿತು. ಶೇಷಾದ್ರಿ ಅಯ್ಯರ್ ಅವರು ದಿವಾನರಾಗಿದ್ದ ಸರ್ಕಾರವು ವಿ. ಪಿ. ಮಾಧವರಾಯರನ್ನು ಪ್ಲೇಗ್ ಕಮಿಷನರರನ್ನಾಗಿ ನೇಮಿಸಿ, ನಿಲ್ದಾಣಗಳಲ್ಲಿ ಪ್ರಯಾಣಿಕರ ಪರೀಕ್ಷೆಯನ್ನೂ ಊರ ಹೊರಗೆ ಶಿಬಿರಗಳನ್ನೂ ಏರ್ಪಡಿಸಿತು. ಬಂಡಿಯಿಂದಿಳಿದವರನ್ನು ಸಾಲಾಗಿ ನಿಲ್ಲಿಸಿ, ಕಂಕುಳಲ್ಲಿ, ತೊಡೆಯ ಸಂದಿನಲ್ಲಿ ಗೆಡ್ಡೆ ಎದ್ದಿದೆಯೇ ಎಂದು ತಡವಿ ನೋಡುತ್ತಿದ್ದ ಆ ಪರೀಕ್ಷೆಯು ಗೌರವಸ್ಥ ಜನರಿಗೆ, ಅದರಲ್ಲೂ ಹೆಂಗಸರಿಗೆ, ಎಷ್ಟು ದುಸ್ಸಹವಾಗಿದ್ದಿರಬೇಕೆಂಬುದನ್ನು ನಾವು ಊಹಿಸಿಕೊಳ್ಳಬಹುದು.

ವೈದ್ಯರು ಮನುಷ್ಯನ ಮೈಯನ್ನು ತಡವುತ್ತಿದ್ದ ಆ ಹೊತ್ತಿನಲ್ಲೇ ರೋಗವು ಗೂಡ್ಸ್ ಬಂಡಿಯ ಧಾನ್ಯದ ಮೂಟೆಗಳ ನಡುವೆ, ಇಲಿಯ ಮೈಮೇಲಿನ ಚಿಗಟದ ಹೊಟ್ಟೆಯಲ್ಲಿ, ಯಾರ ತಡೆಯೂ ಇಲ್ಲದೆ ಸಾಗುತ್ತಿತ್ತು. ಈ ರಹಸ್ಯವನ್ನು ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮೋನ್ ಅದೇ 1898ರಲ್ಲಿ ಕರಾಚಿಯಲ್ಲಿ ಪ್ರಯೋಗಪೂರ್ವಕವಾಗಿ ಕಂಡುಕೊಂಡಿದ್ದರೂ ವಿದ್ವಲ್ಲೋಕವು ಅದನ್ನೊಪ್ಪಲು ಅನೇಕ ವರ್ಷಗಳೇ ಹಿಡಿದುವು. ನಮ್ಮ ಹಳ್ಳಿಗರು ಅಷ್ಟು ಕಾಲ ಕಾಯಲಿಲ್ಲ. ಅಟ್ಟದಿಂದ ಇಲಿ ಸತ್ತು ಬಿದ್ದಿತೆಂದರೆ, ಮನೆಗೆ ಬೀಗ ಹಾಕಿ, ಪಾತ್ರೆಪದಾರ್ಥ, ದನಕರುಗಳೊಡನೆ ಹೊಲಕ್ಕೆ ನಡೆದು, ಅಲ್ಲೊಂದು ಗುಡಿಸಲು ಹೂಡಿ, ಬೇನೆ ಅಡಗುವ ತನಕ ಅಲ್ಲಿಯೇ ಒಲೆ ಹೊತ್ತಿಸುತ್ತಿದ್ದರು. ಕಾರಣವನ್ನರಿಯದೆಯೂ ಉಪಾಯವನ್ನರಿತಿದ್ದ ಆ ವಿವೇಕಕ್ಕೆ ನಾನು ಮನಸಾರೆ ತಲೆಬಾಗುತ್ತೇನೆ.

ಮುಂದೆ ಕಾಯಿಲೆಗಳಿಗೆ ರೆಕ್ಕೆ ಬಂದಿತು. ವಿಮಾನಯಾನಕ್ಕೆಂದೇ 1933ರಲ್ಲಿ ಹೇಗ್ ನಗರದಲ್ಲಿ ಆರೋಗ್ಯದ ಒಪ್ಪಂದವೊಂದು ಏರ್ಪಟ್ಟಿತು. ನಮ್ಮ ದೇಶದಲ್ಲಿ 1954ರ ನಿಯಮಾವಳಿಯು ವಿಮಾನ ನಿಲ್ದಾಣದ ಆರೋಗ್ಯಾಧಿಕಾರಿಗೆ ಪ್ರಯಾಣಿಕರನ್ನು ತಡೆದು ಪರೀಕ್ಷಿಸುವ ಅಧಿಕಾರವನ್ನಿತ್ತಿತು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಬಯಲಿನಲ್ಲಿ ವಿಮಾನಗಳು ಇಳಿಯತೊಡಗಿದ ಮರುವರ್ಷವೇ ಎಚ್1ಎನ್1 ಜ್ವರದ ತಪಾಸಣೆ ಅಲ್ಲಿಗೆ ಬಂದಿತು.

2020ರ ಮಾರ್ಚಿನಲ್ಲಿ ಕೋವಿಡ್ ಬಂದಾಗ ರಾಜ್ಯ ಸರ್ಕಾರವು ಆಶ್ರಯಿಸಿದ್ದು ಪ್ಲೇಗಿಗಾಗಿಯೇ ಹುಟ್ಟಿದ 1897ರ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು. ಬಾಗಿಲ ಪರೀಕ್ಷೆಯ ಕೊರತೆಯೂ ಹಳೆಯದೇ. ಮಾರ್ಚ್ 9ರಂದು ರಾಜ್ಯದಲ್ಲಿ ಮೊದಲು ಸೋಂಕು ದೃಢಪಟ್ಟ ಪ್ರಯಾಣಿಕರು ಅಮೆರಿಕದಿಂದ ಬಂದಿಳಿದು ಆಗಲೇ ಎಂಟು ದಿನಗಳಾಗಿದ್ದುವು. ಮೈಬಿಸಿಯನ್ನಷ್ಟೇ ಬಲ್ಲ ಯಂತ್ರಕ್ಕೆ ಇನ್ನೂ ಜ್ವರವಾಗಿ ತಲೆಯೆತ್ತದ ರೋಗವು ಕಾಣುವುದು ಹೇಗೆ?

ಆಮೇಲೆ ಮುದ್ರೆ ಬಂದಿತು. ಹೊರದೇಶದಿಂದ ಬಂದವರ ಕೈಯ ಮೇಲೆ ಗೃಹಬಂಧನದ ಅವಧಿಯನ್ನು ಒತ್ತಿ ಕಳುಹಿಸುತ್ತಿದ್ದರು. ಮತದಾರರ ಬೆರಳಿಗೆಂದು 1962ರಿಂದ ಮೈಸೂರಿನಲ್ಲಿ ತಯಾರಾಗುತ್ತಿರುವ ಅಳಿಸಲಾಗದ ಮಸಿಯನ್ನು ಈ ಕಾರ್ಯಕ್ಕೆ ಬಳಸಲು ಚುನಾವಣಾ ಆಯೋಗವೂ ಸಮ್ಮತಿಸಿತು. ಮುದ್ರೆ ಅಗತ್ಯವಾಗಿತ್ತೆಂಬುದನ್ನು ನಾನು ಅಲ್ಲಗಳೆಯಲಾರೆ. ಆದರೂ ಆ ಮಸಿಯನ್ನು ಕುರಿತು ಯೋಚಿಸಿದಾಗಲೆಲ್ಲ ನನ್ನ ಮನಸ್ಸು ಹೊಲದ ಗುಡಿಸಲುಗಳ ಕಡೆಗೆ ಹೋಗುತ್ತದೆ. ಅಲ್ಲಿ ಊರಿಗೆ ಊರೇ ಹೊರಗಿತ್ತು. ಗೌಡನ ಗುಡಿಸಲೂ ಕೂಲಿಯವನ ಗುಡಿಸಲೂ ಅದೇ ಸೋಗೆಯದು. ಇಲ್ಲಿ ಒಬ್ಬನೇ ಒಳಗೆ ಕುಳಿತು, ಕೈಮೇಲಿನ ಅಕ್ಷರ ಮಾಸುವ ದಿನವನ್ನು ಎಣಿಸಬೇಕಾಯಿತು.