ತೋಫುವಿಗೆ ರುಚಿ ಹತ್ತಿಸಿದವರು

ಮೀನು, ಮಾಂಸಗಳನ್ನು ಬಿಡಬೇಕೆಂದು ನಾನು ನಿಶ್ಚಯಿಸಿದ್ದು ನಿವೃತ್ತಿಯ ನಂತರ. ಹುಟ್ಟಿನಿಂದಲೇ ಸಸ್ಯಾಹಾರಿಗಳಾದವರಿಗೆ ಇದರ ಕಷ್ಟ ತಿಳಿಯಲಾರದು. ಮೂರನೆಯ ತಿಂಗಳಿಗೆ ನನ್ನ ಸಂಕಲ್ಪ ಅಲುಗಾಡತೊಡಗಿತ್ತು. ಆಗ ಮಗಳು ಪೇಟೆಯಿಂದ ತೋಫು ತಂದುಕೊಟ್ಟಳು. ಬಂಗುಡೆಗೆ ಹಚ್ಚುವ ಮಸಾಲೆಯನ್ನೇ ಅರೆದು, ಅದಕ್ಕೆ ಹಚ್ಚಿ, ಎರಡು ಗಂಟೆ ಬಿಟ್ಟು ಕಾವಲಿಯ ಮೇಲೆ ಹುರಿದೆ. ಹೊರಗೆ ಖಾರ, ಒಳಗೆ ಶುದ್ಧ ಸಪ್ಪೆ. ತಾವರೆಯ ಎಲೆಯ ಮೇಲಿನ ನೀರಿನಂತೆ ಮಸಾಲೆಗೂ ತೋಫುವಿಗೂ ಸಂಬಂಧವೇ ಇರಲಿಲ್ಲ. ಮೂವತ್ತು ವರ್ಷ ಸಮಾಜ ಪಾಠ ಹೇಳಿದವಳಿಗೆ ಒಂದು ಚಟ: ಎಡವಿದರೆ ಮೊದಲು ಆ ಕಲ್ಲಿನ ಪೂರ್ವಾಪರ ವಿಚಾರಿಸುವುದು.

ತೋಫುವನ್ನು ಕ್ರಿ.ಪೂ. 2ನೆಯ ಶತಮಾನದಲ್ಲಿ ಚೀನಾದ ರಾಜಕುಮಾರ ಲಿಯು ಆನ್ ಕಂಡುಹಿಡಿದನೆಂಬ ಐತಿಹ್ಯವಿದೆ. ಆದರೆ ಬರಹದಲ್ಲಿ ಅದರ ಸ್ಪಷ್ಟ ಉಲ್ಲೇಖ ದೊರೆಯುವುದು 10ನೆಯ ಶತಮಾನದ ತಾವ್ ಗು ಎಂಬವನ ಗ್ರಂಥದಲ್ಲಿ. ಮಿತವ್ಯಯಿಯಾದ ಒಬ್ಬ ಉಪಾಧಿಕಾರಿ ಮಾಂಸ ಕೊಳ್ಳದೆ ದಿನವೂ ತೋಫು ಕೊಳ್ಳುತ್ತಿದ್ದನಂತೆ. ಊರಿನವರು ತೋಫುವನ್ನು 'ಉಪಾಧಿಕಾರಿಯ ಕುರಿ' ಎಂದು ಕರೆದರಂತೆ. ಮಾಂಸದ ಸ್ಥಾನದಲ್ಲಿ ತೋಫು ಕೂತದ್ದು ಇಂದು ನಿನ್ನೆಯ ಸಂಗತಿಯಲ್ಲ.

ಕೂತಿತು, ಸರಿ, ರುಚಿ? 1792ರಲ್ಲಿ ಪ್ರಕಟವಾದ ಯುವಾನ್ ಮೇ ಕವಿಯ ಪಾಕಗ್ರಂಥದಲ್ಲಿ ಹೆಪ್ಪುಗಟ್ಟಿಸಿದ ತೋಫುವಿನ ವಿಧಾನವಿದೆ. ಒಂದು ರಾತ್ರಿ ಹೆಪ್ಪುಗಟ್ಟಲು ಬಿಟ್ಟು, ಚೌಕವಾಗಿ ಕತ್ತರಿಸಿ, ಕುದಿಸಿ ಕಾಳಿನ ವಾಸನೆ ತೆಗೆದು, ಬಳಿಕ ಕೋಳಿಯ ಸಾರು, ಹಂದಿಮಾಂಸದ ಸಾರಿನಲ್ಲಿ ಬೇಯಿಸಬೇಕು. ಬಡಿಸುವ ಹೊತ್ತಿಗೆ ಮಾಂಸವನ್ನೆಲ್ಲ ತೆಗೆದು ಅಣಬೆ ಮತ್ತು ಕಳಲೆಯನ್ನು ಮಾತ್ರ ಉಳಿಸಬೇಕು! ಇದನ್ನು ಓದಿ ನನಗೆ ನಗು ಬಂತು. ಅಂದರೆ ಸಿರಿವಂತರ ಮನೆಯ ತೋಫುವಿಗೆ ರುಚಿ ಕೊಡುತ್ತಿದ್ದದ್ದು ಕೋಳಿಯೇ. ನಮ್ಮಂಥವರಿಗೆ ಆ ದಾರಿಯಿಲ್ಲ.

ಆ ದಾರಿ ಇಲ್ಲದವರು ಬೌದ್ಧ ಭಿಕ್ಷುಗಳು. ತಮಗಾಗಿ ಕೊಂದದ್ದಲ್ಲವಾದರೆ ಭಿಕ್ಷೆಯಲ್ಲಿ ಬಂದ ಮಾಂಸವನ್ನು ಅವರು ಮೊದಲು ಸ್ವೀಕರಿಸಬಹುದಿತ್ತು. ಲಿಯಾಂಗ್ ವಂಶದ ಚಕ್ರವರ್ತಿ ವೂ (ಆಳ್ವಿಕೆ 502–549) ತಾನೂ ಮಾಂಸ ಬಿಟ್ಟು, ಭಿಕ್ಷುಗಳೂ ಬಿಡಬೇಕೆಂದು ವಿಧಿಸಿದನು. ಮಠದ ಅಡುಗೆಮನೆಗಳು ಹೊಸ ರುಚಿಯನ್ನು ಹುಡುಕಲೇಬೇಕಾಯಿತು.

ಆ ಅಡುಗೆಮನೆಗಳ ಒಬ್ಬ ಮನುಷ್ಯ ನನಗೆ ಬಹಳ ಹಿಡಿಸಿದ. ಜಪಾನಿನ ಗುರು ದೋಗೆನ್ 1237ರಲ್ಲಿ ಮಠದ ಅಡುಗೆಯವನ ಕರ್ತವ್ಯಗಳನ್ನು ಕುರಿತೇ ಒಂದು ಗ್ರಂಥ ಬರೆದರು. ಯುವಕರಾಗಿದ್ದಾಗ, 1223ರಲ್ಲಿ, ಚೀನಾದ ಬಂದರಿನಲ್ಲಿ ತಮ್ಮ ಹಡಗಿನಲ್ಲಿಯೇ ಉಳಿದಿದ್ದ ಅವರ ಬಳಿಗೆ ಒಬ್ಬ ಮುದಿ ಭಿಕ್ಷು ಬಂದನು. ವಯಸ್ಸು ಅರವತ್ತೊಂದು, ಮಠದ ಅಡುಗೆಯ ಮುಖ್ಯಸ್ಥ. ಮರುದಿನದ ಹಬ್ಬದೂಟಕ್ಕೆ ಸಾಮಾನು ಕೊಳ್ಳಲು ಮೂವತ್ತೈದು ಲೀ, ಅಂದರೆ ಹದಿನೈದು ಕಿಲೋಮೀಟರಿಗೂ ಹೆಚ್ಚು ದೂರ ನಡೆದು ಬಂದಿದ್ದನು. ಕೊಳ್ಳಲು ಬಂದದ್ದು ಜಪಾನಿನ ಅಣಬೆಯನ್ನು ಎಂದು ಸಾಮಾನ್ಯವಾಗಿ ಅನುವಾದಿಸುತ್ತಾರೆ. ರಾತ್ರಿ ಉಳಿಯಿರಿ, ಅಡುಗೆಯನ್ನು ಬೇರೆ ಯಾರಾದರೂ ಮಾಡಲಿ ಎಂದು ದೋಗೆನ್ ಕೇಳಿಕೊಂಡರೂ ಅವನು ಒಪ್ಪದೆ ಹಿಂದಿರುಗಿದನು. ನನ್ನದೇ ವಯಸ್ಸಿನವನು! ನಾನು ರಿಕ್ಷಾ ಇಲ್ಲದೆ ಸಂತೆಗೆ ಹೋಗುವುದಿಲ್ಲ.

ಜಪಾನಿನ ಮಠಗಳು ಕೋಳಿಯ ಸಾರಿನ ಬದಲು ಒಣಗಿಸಿದ ಶಿಟಾಕೆ ಅಣಬೆ ಮತ್ತು ಕೊಂಬು ಎಂಬ ಕಡಲ ಪಾಚಿಯನ್ನು (ನಮ್ಮ ದನದ ಕೊಂಬಲ್ಲ) ನೆನೆಸಿದ ನೀರನ್ನು ಬಳಸಿದವು. ನಮ್ಮ ಜೈನರಂತೆ ಅವರೂ ಈರುಳ್ಳಿ, ಬೆಳ್ಳುಳ್ಳಿ ಮುಟ್ಟುತ್ತಿರಲಿಲ್ಲ. ಈ ನೀರಿಗೆ ಅಷ್ಟು ರುಚಿ ಏಕೆಂದು ತಿಳಿದದ್ದು ತಡವಾಗಿ: 1908ರಲ್ಲಿ ತೋಕಿಯೋದ ರಸಾಯನಶಾಸ್ತ್ರಜ್ಞ ಕಿಕುನಾಯೆ ಇಕೆದಾ ಕೊಂಬುವಿನಿಂದ ಗ್ಲುಟಮೇಟನ್ನು ಬೇರ್ಪಡಿಸಿ, ಆ ರುಚಿಗೆ 'ಉಮಾಮಿ' ಎಂದು ಹೆಸರಿಟ್ಟರು.

ಇನ್ನೊಂದು ಪಾಠ ಚಳಿಯದು. ಕೋಯಾ ಪರ್ವತದ ಮಠಗಳ ಹೆಸರನ್ನು ಹೊತ್ತ 'ಕೋಯಾ ದೋಫು' ಎಂದರೆ ಚಳಿಗಾಲದ ರಾತ್ರಿಯಲ್ಲಿ ಹೆಪ್ಪುಗಟ್ಟಿಸಿ ಒಣಗಿಸಿದ ತೋಫು. ನನ್ನ ಸೋಲಿನ ಕಾರಣ ಇಲ್ಲಿ ಸಿಕ್ಕಿತು. ಸಾಮಾನ್ಯ ತೋಫುವಿನಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ನೀರೇ ಇದೆ. ತುಂಬಿದ ಕೊಡಕ್ಕೆ ಇನ್ನೇನು ಸುರಿಯುವುದು? ಅದರಲ್ಲೂ ಎಣ್ಣೆ ಬೆರೆತ ಮಸಾಲೆ ಒಳಗೆ ಇಳಿಯುವುದೇ ಇಲ್ಲ. ಹೆಪ್ಪುಗಟ್ಟುವಾಗ ಮಂಜಿನ ಹರಳುಗಳು ಒಳಗೆಲ್ಲ ರಂಧ್ರ ಮಾಡುತ್ತವೆ. ಕರಗಿಸಿ ಹಿಂಡಿದರೆ ಉಳಿಯುವುದು ಸ್ಪಂಜು. 1782ರಲ್ಲಿ ಒಸಾಕಾದಲ್ಲಿ ತೋಫುವಿನ ನೂರು ಅಡುಗೆಗಳ ಪುಸ್ತಕವೇ ಅಚ್ಚಾಯಿತು. 1975ರಲ್ಲಿ ಅಮೆರಿಕದ ಹೊಸ ಸಸ್ಯಾಹಾರಿಗಳಿಗಾಗಿ ಶರ್ಟ್‌ಲೆಫ್ ಮತ್ತು ಅಕಿಕೊ ಅವೊಯಾಗಿ ಬರೆದ ತೋಫುವಿನ ಪುಸ್ತಕದಲ್ಲಿಯೂ ಒತ್ತುವುದು, ಹಿಂಡುವುದು, ಹೆಪ್ಪುಗಟ್ಟಿಸುವುದು ಇವೆ.

ಎರಡನೆಯ ಸಲ ನಾನು ತೋಫುವನ್ನು ಒಂದು ರಾತ್ರಿ ಫ್ರೀಜರಿನಲ್ಲಿಟ್ಟೆ. ಕರಗಿದ ಮೇಲೆ ಬಟ್ಟೆಯಲ್ಲಿ ಸುತ್ತಿ, ಕಲ್ಲಿನ ಕುಟ್ಟಾಣಿಯನ್ನು ಅರ್ಧ ಗಂಟೆ ಮೇಲೆ ಹೇರಿದೆ. ಒಣ ಅಣಬೆ ನೆನೆಸಿದ ನೀರು, ಎರಡು ಚಮಚ ಸೋಯಾ ಸಾಸ್, ಹುಣಸೆರಸ, ಶುಂಠಿಯ ರಸ, ಚೂರು ಬೆಲ್ಲ, ಬ್ಯಾಡಗಿ ಮೆಣಸಿನ ಪುಡಿ ಸೇರಿಸಿ ಅದರಲ್ಲಿ ಮುಳುಗಿಸಿದೆ. ಎಣ್ಣೆ ಕಾವಲಿಗೆ ಮಾತ್ರ. ಯಜಮಾನರು ತಿಂದು ನೋಡಿ, "ಬಂಗುಡೆಯಂತೆ ಇಲ್ಲ" ಎಂದರು. ಎಂದು ಮತ್ತೆರಡು ತುಂಡು ಬಡಿಸಿಕೊಂಡರು.

ಮಾಡಿ ನೋಡುವವರಿಗೆ ಒಂದು ಮಾತು: ಹೆಪ್ಪುಗಟ್ಟಿದ ತೋಫು ಹಳದಿ ಬಣ್ಣಕ್ಕೆ ತಿರುಗುತ್ತದೆ. ಕೆಟ್ಟಿತೆಂದು ಎಸೆಯಬೇಡಿ, ಕರಗಿದಾಗ ಬಹುಮಟ್ಟಿಗೆ ಬಿಳುಪಾಗುತ್ತದೆ. ನಾನು ಒಂದು ಪೊಟ್ಟಣ ಎಸೆದಾದ ಮೇಲೆ ತಿಳಿದದ್ದು.