ಮದ್ದೇ ಧೈರ್ಯ ಕಸಿಯುತ್ತಿದ್ದ ಕಾಲ

ನಮ್ಮ ಊರುಗಳಲ್ಲಿ ಕಾಮಾಲೆ ಎಂದರೆ ಕಣ್ಣು ಹಳದಿಯಾಗಬೇಕು, ನಾಟಿ ಔಷಧಿ ಕುಡಿಯಬೇಕು, ಪಥ್ಯ ಮಾಡಬೇಕು. ಹೆಪಟೈಟಿಸ್ ಸಿ ಹಾಗಲ್ಲ. ಬಹಳ ಜನರಿಗೆ ಕಣ್ಣು ಹಳದಿಯಾಗುವುದೇ ಇಲ್ಲ. ವೈರಸ್ ಇಪ್ಪತ್ತು-ಮೂವತ್ತು ವರ್ಷ ಸದ್ದಿಲ್ಲದೆ ಲಿವರ್‌ನಲ್ಲಿ ಕೂತಿರುತ್ತದೆ. ರಕ್ತದಾನಕ್ಕೆ ಹೋದಾಗಲೋ, ಆಪರೇಷನ್‌ಗೆ ಮುಂಚೆ ರಕ್ತ ಪರೀಕ್ಷೆ ಮಾಡಿದಾಗಲೋ ಗೊತ್ತಾಗುತ್ತದೆ. ಆಗ ಸುತ್ತಲಿನವರೆಲ್ಲ ಹೇಳುವುದು ಒಂದೇ ಮಾತು: ಧೈರ್ಯವಾಗಿರಿ. ಹಿಂದೆ ಈ ಮಾತು ಕೇಳಿಸಿಕೊಂಡವರ ಪಾಡು ಏನಾಗಿತ್ತು ಎಂದು ನಾವು ಸ್ವಲ್ಪ ಹಿಂದಕ್ಕೆ ಹೋಗಿ ನೋಡಿದೆವು.

1970ರ ದಶಕದಲ್ಲಿ ಅಮೆರಿಕದಲ್ಲಿ ಹಾರ್ವೆ ಆಲ್ಟರ್ ಎಂಬ ವೈದ್ಯರು ರಕ್ತ ಹಾಕಿಸಿಕೊಂಡ ರೋಗಿಗಳನ್ನು ಗಮನಿಸುತ್ತಿದ್ದರು. ಅವರಲ್ಲಿ ಕೆಲವರಿಗೆ ಲಿವರ್ ಊತ ಬರುತ್ತಿತ್ತು. ಪರೀಕ್ಷೆ ಮಾಡಿದರೆ ಹೆಪಟೈಟಿಸ್ ಎ ಅಲ್ಲ, ಬಿಯೂ ಅಲ್ಲ. ಕೊನೆಗೆ ಅದನ್ನೇ ಹೆಸರು ಮಾಡಿದರು: ನಾನ್-ಎ, ನಾನ್-ಬಿ. ಅಂದರೆ ಆ ರೋಗಿಗಳಿಗೆ ತಮಗೆ ಬಂದಿರುವ ಕಾಯಿಲೆಗೆ ಸ್ವಂತ ಹೆಸರೂ ಇರಲಿಲ್ಲ. ವೈರಸ್ ಸಿಕ್ಕಿದ್ದು 1989ರಲ್ಲಿ, ಮೈಕೆಲ್ ಹೌಟನ್ ಮತ್ತು ಅವರ ಜೊತೆಗಾರರಾದ ಕ್ವಿ-ಲಿಮ್ ಚೂ, ಜಾರ್ಜ್ ಕುವೊ ಅವರ ವರ್ಷಗಟ್ಟಲೆ ಹುಡುಕಾಟದ ನಂತರ. (2013ರಲ್ಲಿ ಒಂದು ದೊಡ್ಡ ಪ್ರಶಸ್ತಿ ಬಂದಾಗ ಈ ಇಬ್ಬರಿಗೂ ಕೊಡಲಿಲ್ಲವೆಂದು ಹೌಟನ್ ಅದನ್ನು ಬೇಡ ಎಂದರು. ನಮಗೆ ಈ ಸಂಗತಿ ಬಹಳ ಇಷ್ಟವಾಯಿತು.)

ಸೋಜಿಗವೆಂದರೆ, ವೈರಸ್ ಸಿಗುವ ಮೊದಲೇ ಚಿಕಿತ್ಸೆ ಶುರುವಾಗಿತ್ತು. 1986ರಲ್ಲಿ ಜೇ ಹೂಫ್ನೇಗಲ್ ಮತ್ತು ಸಂಗಡಿಗರು ಹತ್ತು ರೋಗಿಗಳಿಗೆ ಇಂಟರ್‌ಫೆರಾನ್ ಕೊಟ್ಟ ಫಲಿತಾಂಶ ಪ್ರಕಟಿಸಿದರು. ಎಂಟು ಜನರ ಲಿವರ್ ಪರೀಕ್ಷೆ ಸುಧಾರಿಸಿತ್ತು. ಶತ್ರು ಯಾರೆಂದು ಗೊತ್ತಿಲ್ಲದೆ ಕತ್ತಲಲ್ಲಿ ಕಲ್ಲು ಹೊಡೆದಂತೆ. ಆದರೆ ಕಲ್ಲು ತಾಗಿತು.

ಮುಂದಿನ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಈ ಇಂಟರ್‌ಫೆರಾನೇ ಗತಿ. ಮೊದಲಲ್ಲಿ ವಾರಕ್ಕೆ ಮೂರು ಇಂಜೆಕ್ಷನ್, ಆಮೇಲೆ ವಾರಕ್ಕೊಂದು, ಜೊತೆಗೆ ದಿನವೂ ರಿಬಾವಿರಿನ್ ಮಾತ್ರೆ. ಬಹಳ ಜನರಿಗೆ ಇದು 48 ವಾರ. ಇಂಜೆಕ್ಷನ್ ಫ್ರಿಜ್‌ನಲ್ಲೇ ಇಡಬೇಕು. ಹಾಕಿಸಿಕೊಂಡ ರಾತ್ರಿ ಚಳಿಜ್ವರ, ಮೈಕೈ ನೋವು. ಕೂದಲು ಉದುರುತ್ತಿತ್ತು, ರಕ್ತ ಕಡಿಮೆಯಾಗುತ್ತಿತ್ತು. ಇವೆಲ್ಲ ಕಣ್ಣಿಗೆ ಕಾಣುವಂಥವು. ಕಾಣದಿದ್ದದ್ದು ಇನ್ನೊಂದು: ಮನಸ್ಸು ಕುಗ್ಗುವುದು ಆ ಮದ್ದಿನದೇ ಅಡ್ಡಪರಿಣಾಮ. ಸುಮ್ಮಸುಮ್ಮನೆ ಅಳು, ಸಿಟ್ಟು, ನಿದ್ದೆಯಿಲ್ಲದ ರಾತ್ರಿ. ಕೆಲವರಿಗೆ ಬದುಕೇ ಬೇಡ ಎನ್ನುವಷ್ಟು ಬೇಸರ. ಖಿನ್ನತೆಗೆ ಬೇರೆ ಮಾತ್ರೆ ಕೊಟ್ಟುಕೊಂಡೇ ಇಂಜೆಕ್ಷನ್ ಮುಂದುವರಿಸುತ್ತಿದ್ದ ವೈದ್ಯರಿದ್ದರು. ಆದರೂ ರೋಗಿಗೆ ಉಪದೇಶ ಅದೇ: ಧೈರ್ಯವಾಗಿರಿ. ಇದು ಅವರ ಮನಸ್ಸಿನ ದೌರ್ಬಲ್ಯವಲ್ಲ, ಮದ್ದು ಮಾಡಿದ ಕೆಲಸ ಎಂದು ಮನೆಯವರಿಗೆ ಬಿಡಿಸಿ ಹೇಳಬೇಕಿತ್ತು. ನಮ್ಮ ಪ್ರಕಾರ ಅದೇ ದೊಡ್ಡ ಧೈರ್ಯ.

ಇಷ್ಟೆಲ್ಲ ಅನುಭವಿಸಿದರೂ, ಮದ್ದು ಸುಧಾರಿಸಿದ ಮೇಲೂ ಗುಣವಾಗುತ್ತಿದ್ದದ್ದು ಹೆಚ್ಚುಕಡಿಮೆ ಅರ್ಧದಷ್ಟು ಜನ. ಮೂರು ತಿಂಗಳಾದ ಮೇಲೆ ರಕ್ತ ಪರೀಕ್ಷೆ. ವೈರಸ್ ಸಾಕಷ್ಟು ಇಳಿಯದಿದ್ದರೆ ಅಲ್ಲಿಗೇ ಮದ್ದು ನಿಲ್ಲಿಸುತ್ತಿದ್ದರು. ಲಿವರ್ ಇನ್ನೂ ಗಟ್ಟಿಯಿದ್ದವರಿಗೆ, ಒಳ್ಳೆಯ ಮದ್ದು ಬರುತ್ತದೆ, ಕಾಯಿರಿ ಎಂದು ಹೇಳಿದ ವೈದ್ಯರೂ ಇದ್ದರು.

ಕಾದವರಿಗೆ ಮದ್ದು ಬಂತು. 2013ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಸೊಫೊಸ್ಬುವಿರ್‌ಗೆ ಒಪ್ಪಿಗೆ ಸಿಕ್ಕಿತು. ಬೆಲೆ ಒಂದು ಮಾತ್ರೆಗೆ 1,000 ಡಾಲರ್, 12 ವಾರಕ್ಕೆ 84,000 ಡಾಲರ್. ಆಗಿನ ಲೆಕ್ಕದಲ್ಲಿ 50 ಲಕ್ಷ ರೂಪಾಯಿಗೂ ಮೇಲೆ! ಊರಿನ ಹೊಲವೆಲ್ಲ ಮಾರಿದರೂ ಸಾಲದು. 2014ರ ಸೆಪ್ಟೆಂಬರ್‌ನಲ್ಲಿ ಭಾರತದ ಏಳು ಕಂಪನಿಗಳಿಗೆ ಅದನ್ನು ತಯಾರಿಸುವ ಪರವಾನಗಿ ಸಿಕ್ಕಿತು. ಅದರಲ್ಲಿ ಬೆಂಗಳೂರಿನ ಸ್ಟ್ರೈಡ್ಸ್ ಕೂಡ ಒಂದು. 2015ರ ಹೊತ್ತಿಗೆ ಇಲ್ಲಿ ಅಮೆರಿಕದ ಬೆಲೆಯ ನೂರರಲ್ಲಿ ಒಂದೆರಡು ಪಾಲಿಗೆ ಮದ್ದು ಸಿಗತೊಡಗಿತು. ಈ ಕಾಯಿಲೆ ಹೆಚ್ಚಾಗಿರುವ ಪಂಜಾಬ್ 2016ರಲ್ಲಿ ಉಚಿತ ಚಿಕಿತ್ಸೆ ಶುರು ಮಾಡಿತು. 2018ರ ಜುಲೈ 28ರಂದು ಕೇಂದ್ರ ಸರ್ಕಾರ ಇಡೀ ದೇಶಕ್ಕೆ ರಾಷ್ಟ್ರೀಯ ಕಾರ್ಯಕ್ರಮ ತಂದಿತು. ಅದರಡಿ ಪರೀಕ್ಷೆಯೂ ಮಾತ್ರೆಯೂ ಉಚಿತ. ಬಹುತೇಕರಿಗೆ ಸೊಫೊಸ್ಬುವಿರ್ ಮತ್ತು ಡಕ್ಲಾಟಾಸ್ವಿರ್, 12 ವಾರ. ನೂರಕ್ಕೆ ಸುಮಾರು 95 ಜನ ಗುಣವಾಗುತ್ತಾರೆ.

ಹಾಗಾದರೆ ಈಗ ಧೈರ್ಯ ಬೇಡವೇ? ಬೇಕು, ಆದರೆ ಬೇರೆ ಜಾಗದಲ್ಲಿ. ಎರಡು ವಾರಕ್ಕೇ ಹಾಯೆನಿಸಿದರೂ ಮಾತ್ರೆ ಬಿಡದಿರಲು ಬೇಕು. ಮುಗಿಸಿ 12 ವಾರ ಕಾದು ಕೊನೆಯ ಪರೀಕ್ಷೆ ಮಾಡಿಸಲು ಬೇಕು. ಲಿವರ್ ಆಗಲೇ ಗಂಟುಗಟ್ಟಿದ್ದರೆ, ವೈರಸ್ ಹೋದ ಮೇಲೂ ಆರು ತಿಂಗಳಿಗೊಮ್ಮೆ ಸ್ಕ್ಯಾನಿಂಗ್‌ಗೆ ಹೋಗಲು ಬೇಕು.

ಇನ್ನೊಂದು ಸಂಗತಿ ಫೋನಿನಲ್ಲಿ ಉಳಿಸಿಕೊಳ್ಳಿ. ಗುಣವಾದ ಮೇಲೂ ಆಂಟಿಬಾಡಿ ಪರೀಕ್ಷೆ ವರ್ಷಗಟ್ಟಲೆ ಪಾಸಿಟಿವ್ ಎಂದೇ ಬರಬಹುದು. ಅದು ಹಳೆಯ ಗಾಯದ ಗುರುತು ಇದ್ದಂತೆ. ಮುಂದೆಂದಾದರೂ ಲ್ಯಾಬ್‌ನವರು ಆ ಚೀಟಿ ಕೈಗಿಟ್ಟರೆ ಕುಸಿಯಬೇಡಿ. ವೈರಸ್ ಇದೆಯೋ ಇಲ್ಲವೋ ಎಂದು ಹೇಳುವ ಆರ್‌ಎನ್‌ಎ ಪರೀಕ್ಷೆ ಮಾಡಿ ಎಂದು ಕೇಳಿ. ಚಿಕಿತ್ಸೆ ಮುಗಿದಾಗ ಕೊಟ್ಟ ಆ ಪರೀಕ್ಷೆಯ ಕಾಗದವನ್ನು ಪಹಣಿ, ರೇಷನ್ ಕಾರ್ಡ್ ಇಡುವ ಚೀಲದಲ್ಲೇ ಇಟ್ಟುಕೊಳ್ಳಿ.